ಸನ್ಮಾನ ಪತ್ರದಲ್ಲಿ ಇಲ್ಲದ್ದು

ಆ ಮಂಗಳವಾರ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಬೆಳಿಗ್ಗೆ ಆರಕ್ಕೆ ಕಿನ್ನಿ ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಹೋದಳು. ಅಲ್ಲಿ ಆರು ಕರೆಂಟು ರಿಕ್ಷಾಗಳು ಸಾಲಾಗಿ ನಿಂತಿದ್ದವು. ಗೋಡೆಯ ಸಾಕೆಟ್ಟುಗಳಿಂದ ಒಂದೊಂದೇ ಪ್ಲಗ್ಗು ಕಿತ್ತಳು. ಕಿತ್ತ ಕೂಡಲೇ ಅದರ ಬೆನ್ನಿಗೆ ಕೈಯ ಹಿಂಬದಿ ತಾಗಿಸಿ ನೋಡಿದಳು. ನಾಲ್ಕನೆಯದು ಪಕ್ಕದ್ದಕ್ಕಿಂತ ಬಿಸಿ ಇತ್ತು.

"ನಾಲ್ಕು," ಎಂದು ಅಲ್ಲಿಂದಲೇ ಹೇಳಿದಳು.

ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಚೆನ್ನಯ್ಯ ಬಾಯಿ ತೆರೆಯದೆ "ಹೂಂ" ಅಂದ. ಬಾಯಿ ಮುಕ್ಕಳಿಸಿ ಬಂದು, ಗೋಡೆಗೆ ಹಾಕಿದ್ದ ತನ್ನ ಚಾರ್ಜಿನ ಪೆಟ್ಟಿಗೆ ನೋಡಿದ. ಪೆಟ್ಟಿಗೆಯಲ್ಲಿಯೂ ನಾಲ್ಕರ ಎದುರಿನ ಕೆಂಪು ದೀಪ ಹತ್ತಿತ್ತು. ಕಿನ್ನಿ ಮೊದಲು ಹೇಳಬೇಕು, ಆಮೇಲೆ ಪೆಟ್ಟಿಗೆ ನೋಡಬೇಕು. ಇದು ಅವನು ಮಾಡಿದ ಕ್ರಮ. ಪೆಟ್ಟಿಗೆ ನೋಡಿ ಹೇಳಿದರೆ ಅದು ಪರೀಕ್ಷೆ ಆಗುವುದಿಲ್ಲ ಎನ್ನುತ್ತಿದ್ದ.

ಹಗಲಿಡೀ ಅವನು ಒಂದು ಪಂಪಿನ ಮೋಟಾರಿಗೆ ತಂತಿ ಸುತ್ತಿದ. ಮಧ್ಯಾಹ್ನ ಗಂಜಿ, ಒಣಮೀನಿನ ಚಟ್ನಿ. ಚಟ್ನಿಗೆ ಉಪ್ಪು ಹೆಚ್ಚಾಯಿತು ಅಂದ. ನಾಳೆ ನೀವೇ ಅರೆಯಿರಿ ಎಂದು ಕಿನ್ನಿ ಹೇಳಿದಳು. ಅಷ್ಟೇ ಮಾತು.

ಸಂಜೆ ಮಗಳು ನಿಶ್ಮಿತಾ ಕುಂಬಳೆಯಿಂದ ಬಂದಳು. ಅಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಚಪ್ಪಲಿ ಬಿಡುವ ಮೊದಲೇ ಫೋನು ಹಿಡಿದುಕೊಂಡು ಅಪ್ಪನ ಹತ್ತಿರ ಹೋದಳು. ಚೆನ್ನೈಯ ಪೇಟೆಂಟ್ ಆಫೀಸಿನಿಂದ ಪರಿಶೀಲನಾ ವರದಿ ಬಂದಿತ್ತು.

ಪೇಟೆಂಟ್ ಎಂದರೆ, ಇದನ್ನು ಹೊಸತಾಗಿ ಕಂಡುಹಿಡಿದವನು ಇವನೇ ಎಂದು ಸರಕಾರ ಬರೆದುಕೊಡುವ ಕಾಗದ. ಚೆನ್ನಯ್ಯ ತನ್ನ ಪೆಟ್ಟಿಗೆಗೆ ಅದು ಬೇಕೆಂದು ಅರ್ಜಿ ಹಾಕಿ ಎರಡು ವರ್ಷ ದಾಟಿತ್ತು. ಆಫೀಸಿನ ಒಬ್ಬರು ಅರ್ಜಿ ಓದಿ, ಲೋಕದಲ್ಲಿ ಎಲ್ಲಾದರೂ ಇಂಥದ್ದು ಮೊದಲೇ ಉಂಟಾ ಎಂದು ಹುಡುಕಿ, ಇದ್ದರೆ ಅದನ್ನು ತೋರಿಸಿ ಪ್ರಶ್ನೆ ಹಾಕುತ್ತಾರೆ. ಆರು ತಿಂಗಳೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅರ್ಜಿಯನ್ನು ಬಿಟ್ಟುಬಿಟ್ಟ ಹಾಗೆ.

ಅರ್ಜಿಯಲ್ಲಿ ಚೆನ್ನಯ್ಯ ಏಳು ವಿಷಯ ತನ್ನದೆಂದು ಹೇಳಿದ್ದ. ಅವಕ್ಕೆ ಕ್ಲೇಮು ಎಂದು ಹೆಸರು. ಅವುಗಳಲ್ಲಿ ಯಾವುದೂ ಹೊಸತಲ್ಲ ಎಂದು ವರದಿಯಲ್ಲಿತ್ತು. ಅದಕ್ಕೆ ಮೂರು ದಾಖಲೆ ತೋರಿಸಿದ್ದರು. ಒಂದನೆಯದು ಚೀನಾದ್ದು. ಎರಡನೆಯದು ಅಮೆರಿಕದ್ದು. ಮೂರನೆಯದು ಇದೇ ಊರಿನದ್ದು, ಸೀತಾಂಗೋಳಿಯದ್ದು.

ನಿಶ್ಮಿತಾ ಮೂರನೆಯದನ್ನು ತೆರೆದು ತೋರಿಸಿದಳು. ಶಾಲು, ಪೇಟ, ಕೊರಳಲ್ಲಿ ಹಾರ ಹಾಕಿಕೊಂಡು ಚೆನ್ನಯ್ಯ ಕುರ್ಚಿಯಲ್ಲಿ ಕೂತಿದ್ದ ಚಿತ್ರ. ಕೆಳಗೆ ಅವತ್ತು ಓದಿದ ಸನ್ಮಾನ ಪತ್ರ ಪೂರ್ತಿ. ಊರಿನ ಸುದ್ದಿ ಹಾಕುವ ಒಂದು ವೆಬ್‌ಸೈಟಿನಲ್ಲಿ ಅದು ಬಂದದ್ದು ಅರ್ಜಿ ಹಾಕುವ ಐದು ತಿಂಗಳ ಮೊದಲು.

ಚೆನ್ನಯ್ಯ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದ.

"ಇದು ನಾನೇ ಅಲ್ವಾ," ಅಂದ. "ನಾನು ಮಾಡಿದ್ದು ಹೊಸತಲ್ಲ ಅಂತ ಹೇಳ್ಲಿಕ್ಕೆ ನನ್ನನ್ನೇ ಸಾಕ್ಷಿ ಕರೆದಿದ್ದಾರೆ."

ನಾಳೆ ಮಂಗಳೂರಿಗೆ ಹೋಗಿ, ಅರ್ಜಿ ಮಾಡಿಕೊಟ್ಟ ಉಜ್ವಲಾ ಮೇಡಮ್ಮನನ್ನು ಕಾಣುತ್ತೇನೆ ಎಂದ. ವರದಿಯನ್ನು ಪ್ರಿಂಟು ಮಾಡಿಸಿ ತರಲು ನಿಶ್ಮಿತಾಳನ್ನು ಕಳಿಸಿದ. ಊಟ ಮಾಡಿದ, ಮಲಗಿದ.

ಬುಧವಾರ ಬೆಳಿಗ್ಗೆ ಕುಂಬಳೆಯಿಂದ ಮಂಗಳೂರು ಬಸ್ಸು ಹಿಡಿದ. ಹೊಸಂಗಡಿ ತಲಪುವಾಗ ಎದೆ ಹಿಡಿದುಕೊಂಡ. ಕಂಡಕ್ಟರನೂ ಇಬ್ಬರು ಪ್ರಯಾಣಿಕರೂ ಸೇರಿ ಇಳಿಸಿ ಹತ್ತಿರದ ಡಾಕ್ಟರಲ್ಲಿಗೆ ಎತ್ತಿಕೊಂಡು ಹೋದರು. ಮಾಡಲಿಕ್ಕೆ ಏನೂ ಉಳಿದಿರಲಿಲ್ಲ. ಅವನಿಗೆ ಐವತ್ತಮೂರು. ವರದಿಯ ಒಂಬತ್ತು ಹಾಳೆ ಅಂಗಿಯ ಒಳಗೆ ಮಡಚಿ ಇತ್ತು. ಬೆವರಿಗೆ ಒದ್ದೆಯಾಗಿತ್ತು. ಕಿನ್ನಿ ಅದನ್ನು ಬೀಡಿ ಎಲೆ ಹರಡುವ ಮೊರದಲ್ಲಿ ಹಾಕಿ ಒಣಗಿಸಿದಳು.

ಚೆನ್ನಯ್ಯ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಾಯ್ಮಾರ್ಮೂಲೆಯ ಒಂದು ವೈಂಡಿಂಗ್ ಅಂಗಡಿಯಲ್ಲಿ ಹನ್ನೊಂದು ವರ್ಷ ಮೋಟಾರು ಸುತ್ತಿದ. ಬೇಗ ಸುತ್ತಲಿಕ್ಕೆ ಸೈಕಲ್ಲಿನ ಚಕ್ರದಿಂದ ಒಂದು ಗಾಲಿ ಮಾಡಿದ್ದ. ಬಂದವರಿಗೆಲ್ಲ ಧಣಿ ಅದನ್ನು ತಾನು ಮಾಡಿದ್ದೆಂದು ತೋರಿಸುತ್ತಿದ್ದ. ಚೆನ್ನಯ್ಯ ಅಲ್ಲೇ ನಿಂತು ತಂತಿ ಸುತ್ತುತ್ತಿದ್ದ. ಸೀತಾಂಗೋಳಿಗೆ ಬಂದು ಸ್ವಂತ ಕೆಲಸ ಹಿಡಿದ ಮೇಲೂ ಆ ಗಾಲಿಯ ಮಾತು ವರ್ಷಕ್ಕೆ ಒಮ್ಮೆಯಾದರೂ ಬರುತ್ತಿತ್ತು. ಇಂಥದ್ದನ್ನು ಚೆನ್ನಯ್ಯ ಮಾಡಿದ್ದು ಎಂದು ಎಲ್ಲಿಯಾದರೂ ಒಂದು ಕಡೆ ಬರೆದಿರಬೇಕು. ಅವನಿಗೆ ಬೇಕಾಗಿದ್ದದ್ದು ಅದು. ಹಣದ ಆಸೆ ಅಲ್ಲ. ಕಿನ್ನಿಗೆ ಇದು ಗೊತ್ತಿತ್ತು.

ಪೆಟ್ಟಿಗೆ ಹುಟ್ಟಿದ್ದು ರಿಕ್ಷಾದವರ ಜಗಳದಿಂದ. ಸೀತಾಂಗೋಳಿ ಸ್ಟ್ಯಾಂಡಿನಲ್ಲಿ ಆರು ಜನ ಕರೆಂಟು ರಿಕ್ಷಾ ತೆಗೆದರು. ಚೆನ್ನಯ್ಯನ ಶೆಡ್ಡಿಗೆ ಒಳ್ಳೆಯ ಲೈನು ಇದ್ದದ್ದರಿಂದ ಚಾರ್ಜಿಗೆ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದರು. ಆರೂ ಒಟ್ಟಿಗೆ ಎಳೆದರೆ ಫ್ಯೂಸು ಹಾರುತ್ತಿತ್ತು. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಮೊದಲ ಸರದಿ ಇದ್ದವನ ಬ್ಯಾಟರಿ ಅರ್ಧ, ಕೊನೆಯ ಸರದಿಯವನದ್ದು ಪೂರ್ತಿ. ಒಂದು ದಿನ ಮಂಜನ ರಿಕ್ಷಾ ಕುಂಬಳೆಯ ದಾರಿಯಲ್ಲಿ ನಿಂತೇ ಹೋಯಿತು. ಒಳಗೆ ಇದ್ದವರು ಗೌರೀಶಂಕರ ಮಾಷ್ಟ್ರು, ಅವರ ಹೆಂಡತಿ, ನಾಲ್ಕು ಬ್ಯಾಗು. ರೈಲು ತಪ್ಪಿತು. ನಿವೃತ್ತ ಕನ್ನಡ ಮಾಷ್ಟ್ರು ಅವರು. ಸಿಟ್ಟು ಬಂದರೂ ಗ್ರಂಥದ ಭಾಷೆಯಲ್ಲೇ ಬಯ್ಯುತ್ತಾರೆ. ಮಂಜನಿಗೆ ಅರ್ಧ ಅರ್ಥವಾಗಲಿಲ್ಲ.

ಚೆನ್ನಯ್ಯ ಹದಿನಾಲ್ಕು ತಿಂಗಳು ಕೂತು ಪೆಟ್ಟಿಗೆ ಮಾಡಿದ. ಸಂಜೆ ರಿಕ್ಷಾ ನಿಲ್ಲಿಸುವಾಗ ಚಾಲಕ ಒಂದು ಗುಂಡಿ ಒತ್ತಿ ನಾಳೆ ತನ್ನ ಸರದಿ ಎಷ್ಟನೆಯದು ಎಂದು ಹೇಳಬೇಕು. ಯಾವುದರ ಬ್ಯಾಟರಿ ಎಷ್ಟು ಖಾಲಿ, ಯಾವುದು ಮೊದಲು ಹೊರಡಬೇಕು, ಲೈನಿನಲ್ಲಿ ಎಷ್ಟು ಕರೆಂಟು ಉಂಟು ಎಂದು ನೋಡಿ ಪೆಟ್ಟಿಗೆಯೇ ಹಂಚುತ್ತದೆ. ಫ್ಯೂಸು ಹಾರುವುದು ನಿಂತಿತು. ಜಗಳವೂ ನಿಂತಿತು.

ಊರಿನ ಯುವಕ ಮಂಡಲದ ವಾರ್ಷಿಕೋತ್ಸವ ಮೇ ತಿಂಗಳಲ್ಲಿ. ಅಲ್ಲಿ ಪ್ರತಿ ವರ್ಷ ಒಬ್ಬರಿಗೆ ಸನ್ಮಾನ. ಆ ವರ್ಷ ಚೆನ್ನಯ್ಯನಿಗೆ ಮಾಡುವುದೆಂದು ಗೌರೀಶಂಕರ ಮಾಷ್ಟ್ರೇ ಹಟ ಹಿಡಿದರು. ಸನ್ಮಾನ ಪತ್ರ ಬರೆಯುವವರೂ ಅವರೇ. ಬೇರೆಯವರು ಬರೆದ ಹಾಗೆ ಬರೀ ಹೊಗಳಿಕೆ ಬೇಡ, ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಎಂಬುದೂ ಜನಕ್ಕೆ ತಿಳಿಯಲಿ ಎಂದರು. ಎರಡು ಸಂಜೆ ಚಾವಡಿಯಲ್ಲಿ ಕೂತು ಕೇಳಿ ಕೇಳಿ ಬರೆದುಕೊಂಡರು. ಚೆನ್ನಯ್ಯ ಎಲ್ಲ ಹೇಳಿದ. ಕೊನೆಗೆ, ಪ್ಲಗ್ಗು ಬಿಸಿಯಾಗುತ್ತದಾ ಎಂದು ದಿನಾ ಬೆಳಿಗ್ಗೆ ಮುಟ್ಟಿ ನೋಡುವವಳು ಇವಳು ಎಂದೂ ಹೇಳಿದ. ಕಿನ್ನಿ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮಾಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು.

"ಅದು ಬೇಡ ಚೆನ್ನಯ್ಯ. ಹೆಂಡತಿ ಪ್ಲಗ್ಗು ಮುಟ್ಟುವುದನ್ನೆಲ್ಲ ಸನ್ಮಾನ ಪತ್ರದಲ್ಲಿ ಬರೆದರೆ ಗಾಂಭೀರ್ಯ ಹೋಗ್ತದೆ."

ಕಿನ್ನಿ ಚಹಾ ಕೊಟ್ಟು ಒಳಗೆ ಹೋದಳು. ಅವಳಿಗೆ ಬೇಜಾರಾಗಲಿಲ್ಲ ಎಂದಲ್ಲ.

ಪತ್ರ ಓದಲಿಕ್ಕೆ ಹನ್ನೆರಡು ನಿಮಿಷ ಬೇಕಾಯಿತು. ಮುನ್ನೂರು ಜನ ಕೇಳಿದರು. ಚಪ್ಪಾಳೆ ಬಿತ್ತು. ಮರುದಿನ ಅದು ಚಿತ್ರದ ಸಮೇತ ವೆಬ್‌ಸೈಟಿನಲ್ಲಿ ಬಂತು. ಕಟ್ಟು ಹಾಕಿಸಿದ ಪತ್ರವನ್ನು ಚೆನ್ನಯ್ಯ ಚಾವಡಿಯ ಗೋಡೆಗೆ ನೇತುಹಾಕಿದ. ಮಂಡಲ ಶಾಲು ಹೊದೆಸಿದರೆ ಆ ಪತ್ರವನ್ನು ಗೋಡೆಗೆ ಹಾಕದ ಮನೆ ಆ ಕಡೆ ಇಲ್ಲ.

ಆ ಮಳೆಗಾಲದ ಆಟಿ ತಿಂಗಳಲ್ಲಿ ಕಿನ್ನಿಯ ತಾಯಿಗೆ ಹುಷಾರಿಲ್ಲದೆ ಅವಳು ನಾಲ್ಕು ದಿನ ತವರಿಗೆ ಹೋದಳು. ಆ ನಾಲ್ಕು ದಿನ ಪ್ಲಗ್ಗು ಮುಟ್ಟಿ ನೋಡುವವರು ಇರಲಿಲ್ಲ. ಮಳೆಯ ತೇವಕ್ಕೆ ಮೂರನೆಯ ಸಾಕೆಟ್ಟಿನ ಒಳಗೆ ತುಕ್ಕು ಹಿಡಿದು ಪಿನ್ನು ಸಡಿಲವಾಗಿತ್ತು. ನಾಲ್ಕನೆಯ ದಿನ ಅದು ಕರಗಿ ಗೋಡೆ ಕಪ್ಪಾಯಿತು. ಕಿನ್ನಿ ಬಂದಾಗ ಚೆನ್ನಯ್ಯ ಆ ಕಪ್ಪಿನ ಎದುರು ಸ್ಟೂಲು ಹಾಕಿ ಕೂತಿದ್ದ.

"ನಿನ್ನ ಕೈಯನ್ನು ಪೆಟ್ಟಿಗೆಯೊಳಗೆ ಹಾಕ್ಬೇಕು ಮಾರಾಯ್ತಿ," ಅಂದ.

ಮೊದಲು ಪ್ರತಿ ಸಾಕೆಟ್ಟಿನ ಹಿಂದೆ ಬಿಸಿ ಅಳೆಯುವ ಒಂದು ಚಿಕ್ಕ ಸೆನ್ಸರು ಇಟ್ಟ. ಇಷ್ಟು ಡಿಗ್ರಿ ದಾಟಿದರೆ ನಿಲ್ಲಿಸು ಎಂದು ಪೆಟ್ಟಿಗೆಗೆ ಹೇಳಿದ. ಆಗಲಿಲ್ಲ. ಜೋರು ಮಳೆಯ ದಿನ ಹಾಳಾದದ್ದೂ ಆ ಡಿಗ್ರಿಗೆ ಏರುವುದಿಲ್ಲ. ಬಿಸಿಲು ಬಿದ್ದ ದಿನ ಸಂಜೆ ತಗಡಿನ ಕಾವಿಗೆ ಒಳ್ಳೆಯದೂ ನಿಲ್ಲುತ್ತದೆ. ನೀನು ಹೇಗೆ ತಿಳಿಯುವುದು ಎಂದು ಕಿನ್ನಿಯನ್ನೇ ಕೇಳಿದ.

"ಪಕ್ಕದ್ದಕ್ಕಿಂತ ಬಿಸಿ ಇದ್ದರೆ ಗೊತ್ತಾಗ್ತದೆ."

"ಈಗ ತಾನೇ ಕರೆಂಟು ತಿಂದದ್ದು ಪಕ್ಕದ್ದಕ್ಕಿಂತ ಬಿಸಿ ಇರುವುದಿಲ್ವಾ?"

"ಅದಕ್ಕೇ ಸಮ ತಿಂದದ್ದನ್ನು ಮಾತ್ರ ಹೋಲಿಸುವುದು."

ಮೂವತ್ತು ವರ್ಷ ಬೀಡಿ ಕಟ್ಟಿದವಳು ಅವಳು. ನೆನೆಸಿದ ಎಲೆ ಹದಕ್ಕೆ ಬಂತಾ ಎಂದು ಕೈಯ ಹಿಂಬದಿಯಲ್ಲಿ ನೋಡುವ ರೂಢಿ. ಮೇಲಿನ ಕಟ್ಟು, ಕೆಳಗಿನ ಕಟ್ಟು ಎರಡನ್ನೂ ಮುಟ್ಟಿದರೆ ಯಾವುದು ಹೆಚ್ಚು ಒದ್ದೆ ಎಂದು ತಿಳಿಯುತ್ತದೆ. ಒಂದನ್ನೇ ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಇಷ್ಟೆಲ್ಲ ಉಂಟೆಂದು ಅವಳಿಗೆ ಗೊತ್ತಿರಲಿಲ್ಲ.

ಚೆನ್ನಯ್ಯ ಪೆಟ್ಟಿಗೆಯ ಕ್ರಮ ಬದಲಿಸಿದ. ಆರೂ ಬ್ಯಾಟರಿಗಳನ್ನು ಸ್ವಲ್ಪ ಹಸಿವಿನಲ್ಲೇ ಇಟ್ಟು, ಬೆಳಗಿನ ಐದರಿಂದ ಆರರ ತನಕ ಆರಕ್ಕೂ ಒಂದೇ ಸಮ ಕರೆಂಟು ಕೊಡುವುದು. ಆಗ ಯಾವ ಸಾಕೆಟ್ಟು ಉಳಿದ ಐದಕ್ಕಿಂತ ಬಿಸಿಯಾಗುತ್ತದೋ ಅದಕ್ಕೆ ಕೆಂಪು ದೀಪ. ರಿಪೇರಿ ಆಗುವ ತನಕ ಅದಕ್ಕೆ ಕಡಿಮೆ ಕರೆಂಟು. ತನ್ನ ನೋಟುಪುಸ್ತಕದಲ್ಲಿ ಅದಕ್ಕೆ 'ಕಿನ್ನಿಯ ಕೈ' ಎಂದು ಹೆಸರು ಬರೆದ.

ಅದೇ ಸಮಯಕ್ಕೆ ಸಣ್ಣ ಕೈಗಾರಿಕೆಯವರಿಗೆಂದು ಸೀತಾಂಗೋಳಿಯಲ್ಲಿ ಒಂದು ಮಾಹಿತಿ ಶಿಬಿರ ನಡೆಯಿತು. ಪೇಟೆಂಟಿನ ಅರ್ಜಿ ಮಾಡಿಕೊಡುವ ಉಜ್ವಲಾ ಎಂಬ ಹುಡುಗಿ ಮಂಗಳೂರಿನಿಂದ ಬಂದು ಮಾತಾಡಿದಳು. ಚೆನ್ನಯ್ಯ ಅವಳನ್ನು ಹುಡುಕಿಕೊಂಡು ಹೋದ. ಇದನ್ನು ಮೊದಲು ಎಲ್ಲಿಯಾದರೂ ಪ್ರಕಟಿಸಿದ್ದೀರಾ, ಯಾರಿಗಾದರೂ ವಿವರ ಹೇಳಿದ್ದೀರಾ ಎಂದು ಅವಳು ಎರಡೆರಡು ಸಲ ಕೇಳಿದಳು. ಇಲ್ಲ, ಪೆಟ್ಟಿಗೆ ನನ್ನ ಶೆಡ್ಡು ಬಿಟ್ಟು ಹೋಗಿಲ್ಲ ಅಂದ. ಸುಳ್ಳು ಹೇಳಿದ್ದಲ್ಲ. ಸನ್ಮಾನ ಎಂದರೆ ಅವನಿಗೆ ಶಾಲು, ಹಣ್ಣಿನ ಬುಟ್ಟಿ, ಊರಿನವರ ಪ್ರೀತಿ. ಅದು ಪ್ರಕಟಣೆ ಎಂದು ಅವನ ತಲೆಗೆ ಹೊಳೆಯಲೇ ಇಲ್ಲ. ಕಿನ್ನಿಗೂ ಹೊಳೆಯಲಿಲ್ಲ. ಅಕ್ಟೋಬರಿನಲ್ಲಿ ಅರ್ಜಿ ಹೋಯಿತು.

ಚೆನ್ನಯ್ಯನ ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಉಜ್ವಲಾ ಮನೆಗೆ ಬಂದಳು. ಚಾವಡಿಯಲ್ಲಿ ಕೂತಾಗ ಕಟ್ಟು ಹಾಕಿದ ಪತ್ರ ಅವಳ ತಲೆಯ ಮೇಲೆಯೇ ಇತ್ತು. ತಿರುಗಿ ಓದಿದಳು. ಅರ್ಧ ಓದುವಾಗಲೇ ಕಣ್ಣು ಮುಚ್ಚಿದಳು. ಪರೀಕ್ಷೆಗಾಗಿ ಶೆಡ್ಡಿನಲ್ಲಿ ನಡೆಸಿದ್ದಕ್ಕೆ ಕಾನೂನಿನಲ್ಲಿ ದಾರಿ ಉಂಟು, ಆದರೆ ಬರೆದು ಓದಿ ಪ್ರಕಟಿಸಿದ್ದಕ್ಕೆ ಇಲ್ಲ ಎಂದು ವಿವರಿಸಿದಳು. ಅರ್ಜಿದಾರ ಇಲ್ಲದ್ದರಿಂದ ಮೊದಲು ಅರ್ಜಿ ಕಿನ್ನಿಯ ಮತ್ತು ನಿಶ್ಮಿತಾಳ ಹೆಸರಿಗೆ ಬರಬೇಕು. ಅದಕ್ಕೆ ವಾರಸುದಾರರ ಸರ್ಟಿಫಿಕೇಟು ಬೇಕು. ಆಮೇಲೆ ಉತ್ತರ. ಆಗಸ್ಟ್ ಹದಿನೆಂಟು ಕೊನೆಯ ದಿನ. ಬಿಡುವುದಾದರೂ ನಿಮ್ಮನ್ನು ಯಾರೂ ದೂರುವುದಿಲ್ಲ ಅಮ್ಮ ಎಂದೂ ಹೇಳಿದಳು.

"ಬಿಟ್ಟರೆ ಎಂತ ಆಗ್ತದೆ?" ಎಂದು ಕಿನ್ನಿ ಕೇಳಿದಳು.

"ಅದು ಯಾರದ್ದೂ ಅಲ್ಲ ಅಂತ ಆಗ್ತದೆ."

"ಹಾಗಾದರೆ ಬಿಡುವುದಿಲ್ಲ."

ಕಿನ್ನಿ ವಿಲ್ಲೇಜ್ ಆಫೀಸಿಗೆ ಐದು ಸಲ, ಉಪ್ಪಳದ ತಾಲೂಕು ಆಫೀಸಿಗೆ ಮೂರು ಸಲ ಹೋದಳು. ಗಸೆಟಿನಲ್ಲಿ ಹಾಕಿ ಕಾಯಬೇಕು ಎಂದರು. ಕಾದಳು. ಯಾವ ಲೋನಿಗೆ ಎಂದು ಗುಮಾಸ್ತ ಕೇಳಿದ. ಲೋನಿಗಲ್ಲ, ಪೇಟೆಂಟಿಗೆ ಅಂದಳು. ಅವನು ಪೆನ್ನು ಇಟ್ಟು ಅವಳ ಮುಖ ನೋಡಿದ.

ಗೌರೀಶಂಕರ ಮಾಷ್ಟ್ರು ವಿಷಯ ತಿಳಿದು ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ತಾನು ಬರೆದ ಪತ್ರದ ಎದುರು ಕೈಕಟ್ಟಿ ನಿಂತರು. ಅವರ ಬಾಯಲ್ಲಿ ಗ್ರಂಥದ ಮಾತು ಬರಲಿಲ್ಲ. ವೆಬ್‌ಸೈಟಿನವನು ತನ್ನ ಹಳೆಯ ವಿದ್ಯಾರ್ಥಿ, ಹೇಳಿ ಅದನ್ನು ತೆಗೆಸಿಬಿಡುತ್ತೇನೆ ಎಂದರು.

"ಮುನ್ನೂರು ಜನ ಕೇಳಿದ್ದಾರೆ ಮಾಷ್ಟ್ರೇ. ಅವರ ಕಿವಿಯಿಂದ ಹೇಗೆ ತೆಗೆಸುವುದು?" ಅಂದಳು ಕಿನ್ನಿ. ಸಿಟ್ಟಿನಿಂದ ಹೇಳಿದ್ದಲ್ಲ. ಮಾಷ್ಟ್ರು ಚಹಾ ಕುಡಿಯದೆ ಹೋದರು.

ಅವರು ಹೋದ ಮೇಲೆ ಕಿನ್ನಿ ಪತ್ರವನ್ನು ಗೋಡೆಯಿಂದ ಇಳಿಸಿದಳು. ಮೂರು ವರ್ಷ ಅದರ ಧೂಳು ಒರೆಸಿದ್ದಳು, ಒಮ್ಮೆಯೂ ಓದಿರಲಿಲ್ಲ. ಐದನೇ ಕ್ಲಾಸಿನ ಓದು ಅವಳದ್ದು. ಮಾಷ್ಟ್ರ ಅಕ್ಷರಗಳೋ ಬಾಲ ಬಿಟ್ಟುಕೊಂಡಿದ್ದವು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ವಿದ್ಯುಲ್ಲತೆಯನ್ನು ಪಳಗಿಸಿದ ವಿಶ್ವಕರ್ಮ ಎಂದಿತ್ತು. ಅದನ್ನು ದಾಟಿದಳು. ಗುಂಡಿ ಒತ್ತುವುದು ಇತ್ತು. ಸರದಿ ಇತ್ತು. ಬ್ಯಾಟರಿ ಎಷ್ಟು ಖಾಲಿ ಎಂದು ನೋಡುವುದು ಇತ್ತು. ಲೈನಿನ ಕರೆಂಟು ಹಂಚುವುದು ಇತ್ತು. ಎರಡು ಮಧ್ಯಾಹ್ನ ಹೋಯಿತು.

ಮೂರನೆಯ ದಿನ ಭಾನುವಾರ. ನಿಶ್ಮಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಪ್ಪನ ಅರ್ಜಿಯ ಕ್ಲೇಮುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳು ಅಂದಳು. ಮಗಳು ಒಂದನೆಯದು ಹೇಳಿದಳು. ಕಿನ್ನಿ ಪತ್ರದ ಮೇಲೆ ಬೆರಳಿಟ್ಟು, ಇಲ್ಲಿ ಉಂಟು ಅಂದಳು. ಎರಡನೆಯದು, ಉಂಟು. ಮೂರು, ನಾಲ್ಕು, ಐದು, ಆರು. ಎಲ್ಲ ಮಾಷ್ಟ್ರು ಚಂದ ಮಾಡಿ ಬರೆದಿದ್ದರು. ಏಳನೆಯದನ್ನು ನಿಶ್ಮಿತಾ ನಿಧಾನ ಹೇಳಿದಳು. ಆರಕ್ಕೂ ಸಮ ಕರೆಂಟು ಕೊಟ್ಟು, ಒಂದರ ಬಿಸಿಯನ್ನು ಉಳಿದವುಗಳ ಬಿಸಿಯೊಂದಿಗೆ ಹೋಲಿಸಿ, ಹಾಳಾದದ್ದನ್ನು ಕಂಡುಹಿಡಿದು ಕರೆಂಟು ಕಡಿಮೆ ಮಾಡುವುದು.

ಕಿನ್ನಿಯ ಬೆರಳು ಪತ್ರದ ಮೇಲಿನಿಂದ ಕೆಳಗೆ ಹೋಯಿತು, ಕೆಳಗಿನಿಂದ ಮೇಲೆ ಬಂತು. ಎಲ್ಲಿಯೂ ನಿಲ್ಲಲಿಲ್ಲ.

"ಇದು ಇಲ್ಲ," ಅಂದಳು.

ಮಾಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದ್ದು ನೆನಪಾಯಿತು. ಅವತ್ತು ಪೆಟ್ಟಿಗೆಗೆ ಸೆನ್ಸರೂ ಇರಲಿಲ್ಲ, ಇದ್ದದ್ದು ತನ್ನ ಕೈ ಮಾತ್ರ. ಅದನ್ನೂ ಬರೆಯಲಿಲ್ಲ. ನಿಶ್ಮಿತಾ ಆಗಲೇ ಉಜ್ವಲಾಳಿಗೆ ಫೋನು ಮಾಡುತ್ತಿದ್ದಳು.

ಉಜ್ವಲಾ ಎರಡು ದಿನ ಕೂತು ಚೀನಾದ್ದನ್ನೂ ಅಮೆರಿಕದ್ದನ್ನೂ ಮತ್ತೆ ಓದಿದಳು. ಚೀನಾದ್ದರಲ್ಲಿ ಹಂಚುವುದಿತ್ತು. ಅಮೆರಿಕದ್ದರಲ್ಲಿ ಪ್ಲಗ್ಗಿನ ಬಿಸಿ ನೋಡುವುದಿತ್ತು, ಆದರೆ ಇಷ್ಟು ಡಿಗ್ರಿ ಎಂದು ಗುರುತು ಹಾಕಿ. ಪಕ್ಕದ್ದರೊಂದಿಗೆ ಹೋಲಿಸುವುದು ಎರಡರಲ್ಲೂ ಇರಲಿಲ್ಲ. ಏಳನೆಯದನ್ನು ಮೊದಲನೆಯದರ ಒಳಗೆ ಸೇರಿಸಿ, ಅದೊಂದನ್ನೇ ಹಿಡಿದು ಉತ್ತರ ಕೊಡೋಣ ಅಂದಳು. ಉಳಿದದ್ದನ್ನು ಬಿಟ್ಟುಕೊಡಬೇಕು. ಹದಿನಾಲ್ಕು ತಿಂಗಳು ಕೂತು ಮಾಡಿದ ಸರದಿಯ ಹಂಚಿಕೆ ಇನ್ನು ಚೆನ್ನಯ್ಯನದ್ದೆಂದು ಯಾವ ಕಾಗದದಲ್ಲಿಯೂ ಇರುವುದಿಲ್ಲ. ಕಿನ್ನಿ ಯೋಚಿಸಲಿಕ್ಕೆ ಒಂದು ರಾತ್ರಿ ಕೇಳಿದಳು. ಬೆಳಿಗ್ಗೆ ಎದ್ದು, ಆಗಲಿ ಅಂದಳು.

ಉಜ್ವಲಾ ಮತ್ತೊಂದು ಮಾತು ಕೇಳಿದಳು. ಹೋಲಿಸುವುದು ನಿಮ್ಮಿಂದ ಬಂದದ್ದಲ್ವಾ, ಕಂಡುಹಿಡಿದವರಲ್ಲಿ ನಿಮ್ಮ ಹೆಸರೂ ಸೇರಬೇಕಾ ಎಂದು.

"ನಾನು ಮುಟ್ಟಿ ನೋಡಿದ್ದು. ಮೂವತ್ತು ವರ್ಷ ನೋಡಿದರೂ ನನ್ನಿಂದ ಒಂದು ದೀಪ ಹತ್ತಲಿಲ್ಲ. ಹತ್ತಿಸಿದ್ದು ಅವರು. ಅವರ ಹೆಸರೇ ಇರಲಿ."

ವಾರಸುದಾರರ ಸರ್ಟಿಫಿಕೇಟು ಜುಲೈ ಮೂವತ್ತಕ್ಕೆ ಸಿಕ್ಕಿತು. ಉತ್ತರ ಆಗಸ್ಟ್ ಹನ್ನೊಂದಕ್ಕೆ ಹೋಯಿತು. ಕಿನ್ನಿಯ ಸಹಿಗೆ ಎರಡು ನಿಮಿಷ ಬೇಕಾಯಿತು.

ನವೆಂಬರಿನಲ್ಲಿ ವಿಚಾರಣೆ. ಚೆನ್ನೈಯ ಅಧಿಕಾರಿ ಅಲ್ಲಿಯೇ ಕೂತು ಕಂಪ್ಯೂಟರಿನಲ್ಲಿ ಮಾತಾಡುತ್ತಾರೆ, ನಾವು ಮಂಗಳೂರಿನ ಆಫೀಸಿನಲ್ಲಿ ಕೂತರೆ ಸಾಕು ಎಂದು ಉಜ್ವಲಾ ಹೇಳಿದ್ದಳು. ಕಿನ್ನಿ ಅದೇ ಬಸ್ಸಿನಲ್ಲಿ ಹೋದಳು. ಹೊಸಂಗಡಿಯಲ್ಲಿ ಬಸ್ಸು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಅವಳು ಕೈಚೀಲವನ್ನು ಮಡಿಲಲ್ಲಿ ಹಿಡಿದುಕೊಂಡು ಎದುರಿನ ಸೀಟಿನ ಕಂಬಿ ನೋಡುತ್ತಾ ಕೂತಳು. ಬಸ್ಸು ಹೊರಟಿತು.

ಪರದೆಯಲ್ಲಿ ಬಂದವರು ಕನ್ನಡಕ ಹಾಕಿದ ಒಬ್ಬ ಹೆಂಗಸು. ಅರ್ಧ ಗಂಟೆ ಉಜ್ವಲಾಳೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಕಿನ್ನಿಗೆ ಅವರ ಹುಬ್ಬು ಮಾತ್ರ ಅರ್ಥವಾಗುತ್ತಿತ್ತು. ಹುಬ್ಬು ಗಂಟಾಗಿಯೇ ಇತ್ತು. ಚೀನಾದ್ದರ ಜೊತೆ ಅಮೆರಿಕದ್ದನ್ನು ಸೇರಿಸಿದರೆ ಕೆಲಸ ಬಲ್ಲ ಯಾರಿಗಾದರೂ ಇದು ಹೊಳೆಯುತ್ತಿತ್ತಲ್ಲ ಎಂಬುದು ಅವರ ಪ್ರಶ್ನೆ. ಉಜ್ವಲಾ ಎರಡು ರೀತಿಯಲ್ಲಿ ಉತ್ತರ ಹೇಳಿದಳು. ಹುಬ್ಬಿನ ಗಂಟು ಬಿಡಲಿಲ್ಲ.

ಆಗ ಆ ಹೆಂಗಸು, ಜೊತೆಯಲ್ಲಿ ಇರುವವರು ಯಾರು ಎಂದು ಕೇಳಿದರು. ಉಜ್ವಲಾ ಹೇಳಿದಳು. ಅವರು ಕಿನ್ನಿಯೊಂದಿಗೆ ಮಲಯಾಳದಲ್ಲಿ ಮಾತಾಡಿದರು. ಗಡಿನಾಡಿನ ರೇಷನ್ ಅಂಗಡಿಯಲ್ಲೂ ಪಂಚಾಯತಿನಲ್ಲೂ ಆಡಿದ ಮಲಯಾಳ ಕಿನ್ನಿಗೆ ಸಾಕಾಯಿತು. ಸೆನ್ಸರು ಯಾವಾಗ ಇಟ್ಟದ್ದು ಎಂದು ಮೊದಲು ಕೇಳಿದರು. ಆಟಿಯಲ್ಲಿ, ಸನ್ಮಾನ ಕಳೆದು ಎರಡು ತಿಂಗಳ ಮೇಲೆ, ಗೋಡೆಯ ಕಪ್ಪು ಈಗಲೂ ಉಂಟು ಎಂದಳು. ಪೆಟ್ಟಿಗೆಯ ಒಳಗೆ ಬೇರೆ ಯಾರಾದರೂ ನೋಡಿದ್ದಾರಾ? ಇಲ್ಲ, ಬೀಗದ ಕೀ ಅವರ ಸೊಂಟದಲ್ಲಿ ಇರುತ್ತಿತ್ತು, ಸರಿಯಾಗುತ್ತದಾ ಎಂದು ಅವರು ಇನ್ನೂ ನೋಡುತ್ತಾ ಇದ್ದರು.

ಇಷ್ಟು ಡಿಗ್ರಿ ಎಂದು ಗುರುತು ಇಟ್ಟರೆ ಸಾಕಾಗುವುದಿಲ್ಲವಾ, ಹೋಲಿಸುವುದು ಯಾಕೆ ಎಂದು ಕೊನೆಗೆ ಕೇಳಿದರು.

"ಅವರೂ ಮೊದಲು ಹಾಗೇ ಇಟ್ಟರು, ಆಗಲಿಲ್ಲ," ಅಂದಳು ಕಿನ್ನಿ. "ಮೇ ತಿಂಗಳಲ್ಲಿ ಶೆಡ್ಡಿನ ತಗಡು ಬೆಳಗಿನ ತನಕ ಕಾವು ಬಿಡುವುದಿಲ್ಲ. ಆಗ ಆರೂ ಬಿಸಿ. ಆರೂ ಬಿಸಿ ಇದ್ದರೆ ಅದು ಸೆಕೆ. ಒಂದು ಮಾತ್ರ ಬಿಸಿ ಇದ್ದರೆ ಅದು ಹಾಳಾದದ್ದು. ಮಳೆಗಾಲದಲ್ಲಿ ಹಾಳಾದದ್ದೂ ತಣ್ಣಗೆ ಇರ್ತದೆ, ಆದರೆ ಪಕ್ಕದ್ದರಷ್ಟು ತಣ್ಣಗೆ ಇರುವುದಿಲ್ಲ. ಅಮೆರಿಕದವರಿಗೆ ನಮ್ಮ ಶೆಡ್ಡು ಗೊತ್ತಿಲ್ಲ."

ಪರದೆಯ ಹೆಂಗಸು ಸ್ವಲ್ಪ ಹೊತ್ತು ಬರೆದುಕೊಂಡರು. ಇದನ್ನೇ ಹದಿನೈದು ದಿನದಲ್ಲಿ ಬರಹದಲ್ಲಿ ಕೊಡಿ ಎಂದು ಉಜ್ವಲಾಳಿಗೆ ಹೇಳಿದರು. ಅಮೆರಿಕದ ಮಾತು ಬೇಡ, ಉಳಿದದ್ದು ಎಂದರು. ಹುಬ್ಬು ಸಡಿಲವಾದ ಹಾಗೆ ಕಿನ್ನಿಗೆ ಕಂಡಿತು. ಅಷ್ಟಕ್ಕೇ ನಂಬಿಕೆ ಇಡಲಿಲ್ಲ.

ಜನವರಿಯಲ್ಲಿ ಮಂಜೂರಾಯಿತು. ಕಾಗದ ಅಂಚೆಯಲ್ಲಿ ಬರುವುದಿಲ್ಲ, ಫೋನಿಗೆ ಬರುತ್ತದೆ. ನಿಶ್ಮಿತಾ ಕುಂಬಳೆಯಲ್ಲಿ ಪ್ರಿಂಟು ತೆಗೆಸಿ ತಂದಳು. ಪೇಟೆಂಟಿನ ಒಡೆತನ ಕಿನ್ನಿಯದ್ದು, ನಿಶ್ಮಿತಾಳದ್ದು. ಕಂಡುಹಿಡಿದವರು ಯಾರು ಎಂಬ ಕಡೆ ಒಂದೇ ಹೆಸರು. ಇಂಗ್ಲಿಷಿನಲ್ಲಿದ್ದರೂ ಆ ಹೆಸರು ಎಲ್ಲಿದೆ ಎಂದು ಕಿನ್ನಿ ತಾನೇ ಹುಡುಕಿದಳು. ಮಗಳು ತೋರಿಸಲಿಕ್ಕೆ ಬಂದಾಗ ಕೈ ತಡೆದಳು.

ಸುದ್ದಿ ಸ್ಟ್ಯಾಂಡಿಗೆ ಹೋಯಿತು. ಮಂಜ ಲಡ್ಡು ತಂದ. ಇನ್ನು ನಿಮ್ಮ ಪ್ಲಗ್ಗು ಮುಟ್ಟಲಿಕ್ಕೆ ಸರಕಾರದ ಪರ್ಮಿಶನ್ ಬೇಕಾ ಕಿನ್ನಿಯಕ್ಕ ಎಂದು ಕೇಳಿದ. ಬೇರೆ ಊರಿನ ಸ್ಟ್ಯಾಂಡಿನವರು ಬಂದು ಸರದಿಯ ಹಂಚಿಕೆ ನೋಡಿಕೊಂಡು ಹೋದರು. ಅದನ್ನು ಯಾರು ಬೇಕಾದರೂ ಮಾಡಬಹುದು. ಕಿನ್ನಿ ಅವರಿಗೆ ಚಹಾ ಕೊಟ್ಟು ಎಲ್ಲ ತೋರಿಸಿದಳು. ಇದನ್ನೂ ಮಾಡಿದ್ದು ಇವರೇ ಎಂದು ಗೋಡೆಯಲ್ಲಿದ್ದ ಚೆನ್ನಯ್ಯನ ಚಿತ್ರದ ಕಡೆ ಕೈ ತೋರಿಸಿದಳು. ಕಾಗದದಲ್ಲಿ ಇಲ್ಲದಿದ್ದರೆ ಏನು, ಬಾಯಿ ಉಂಟಲ್ಲ.

ಗೌರೀಶಂಕರ ಮಾಷ್ಟ್ರು ಎಲ್ಲರಿಗಿಂತ ಕೊನೆಗೆ ಬಂದರು. ಈ ಸಲ ಕೂತರು, ಚಹಾ ಕುಡಿದರು. ಬರುವ ಮೇ ತಿಂಗಳಲ್ಲಿ ಮಂಡಲದ ಸನ್ಮಾನ ನಿನಗೆ, ಈ ಸಲ ಪ್ಲಗ್ಗು ಮುಟ್ಟಿದ್ದನ್ನೇ ಮೊದಲು ಬರೆಯುತ್ತೇನೆ ಎಂದರು.

"ಬೇಡ ಮಾಷ್ಟ್ರೇ," ಅಂದಳು ಕಿನ್ನಿ. "ನೀವು ಅವತ್ತು ಬರೆಯದೆ ಬಿಟ್ಟದ್ದೇ ದೊಡ್ಡ ಸನ್ಮಾನ ಆಯ್ತು."

ಮಾಷ್ಟ್ರಿಗೆ ನಗಬೇಕಾ ಬೇಡವಾ ಗೊತ್ತಾಗಲಿಲ್ಲ. ಆಮೇಲೆ ನಕ್ಕರು.

ಹಳೆಯ ಪತ್ರವನ್ನು ಅವಳು ಮತ್ತೆ ಅದೇ ಮೊಳೆಗೆ ಹಾಕಿದಳು. ಹೊಸ ಕಾಗದಕ್ಕೆ ಕಟ್ಟು ಹಾಕಿಸಲಿಲ್ಲ. ಅದು ಟ್ರಂಕಿನಲ್ಲಿ, ಚೆನ್ನಯ್ಯನ ನೋಟುಪುಸ್ತಕದ ಒಳಗೆ, 'ಕಿನ್ನಿಯ ಕೈ' ಎಂದು ಬರೆದ ಪುಟದಲ್ಲಿ ಉಂಟು. ಬೆವರಿನ ಕಲೆ ಇರುವ ಒಂಬತ್ತು ಹಾಳೆಯೂ ಅದರ ಜೊತೆಗೇ ಉಂಟು.

ಬೆಳಿಗ್ಗೆ ಆರಕ್ಕೆ ಅವಳು ಶೆಡ್ಡಿಗೆ ಹೋಗುತ್ತಾಳೆ. ಪೆಟ್ಟಿಗೆಗೆ ಬೆನ್ನು ಹಾಕಿ ನಿಲ್ಲುತ್ತಾಳೆ, ದೀಪ ಕಣ್ಣಿಗೆ ಬೀಳಬಾರದು. ಒಂದೊಂದು ಪ್ಲಗ್ಗು ಕಿತ್ತು ಕೈಯ ಹಿಂಬದಿ ತಾಗಿಸುತ್ತಾಳೆ. ಬಿಸಿ ಇದ್ದದ್ದರ ನಂಬರು ಗಟ್ಟಿಯಾಗಿ ಹೇಳುತ್ತಾಳೆ, ಅಂಗಳಕ್ಕೆ ಕೇಳುವಷ್ಟು. ಆಮೇಲೆ ತಿರುಗಿ ಪೆಟ್ಟಿಗೆ ನೋಡುತ್ತಾಳೆ. ಪಿನ್ನುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಆರು ಕೇಬಲ್ಲುಗಳನ್ನು ಸುತ್ತಿ ಗೂಟಕ್ಕೆ ಹಾಕುತ್ತಾಳೆ.